ಟೋಲ್ ಗೇಟಿಗೆ ಮುಂಚೆ ಸಿಕ್ಕ ಖಾಲಿ ದಾರಿ

ಗಡಿಗೆ ಮುಂಚಿನ ಪೆಟ್ರೋಲ್ ಬಂಕ್

ಆ ಚೀಟಿ ನನ್ನ ಅಂಗೈಯಷ್ಟೂ ಇರಲಿಲ್ಲ. ಕೆಂಪು ಬಣ್ಣ, ಅಂಚಿನಲ್ಲಿ ತಿಂಗಳು ಮತ್ತು ತಾರೀಖಿನ ಸಣ್ಣ ಅಂಕಿಗಳು. ಬಂಕಿನ ಹೆಂಗಸು ನಮ್ಮ ಎದುರಿಗೇ ಎರಡು ಅಂಕಿಗಳ ಮೇಲೆ ತೂತು ಹೊಡೆದು ಕೊಟ್ಟಳು. ಅದನ್ನು ಕಾರಿನ ಮುಂದಿನ ಗಾಜಿಗೆ ಅಂಟಿಸಿದರೆ ಹತ್ತು ದಿನ ಆಸ್ಟ್ರಿಯಾದ ಹೆದ್ದಾರಿಗಳಲ್ಲಿ ಓಡಾಡಬಹುದು. ವಿನ್ಯೆಟ್ ಎನ್ನುತ್ತಾರೆ. ಗೇಟಿಲ್ಲ, ತಡೆಕಂಬವಿಲ್ಲ, ಬೂತಿನಲ್ಲಿ ಕೂತವರಿಲ್ಲ. ಚೀಟಿ ಅಂಟಿಸಿಕೊಂಡಿದ್ದೀರಿ ಎಂದು ನಂಬಿ ರಸ್ತೆಯನ್ನು ಬಿಟ್ಟುಕೊಟ್ಟಿರುತ್ತಾರೆ. ಎಲ್ಲೋ ಒಂದು ಕಡೆ ಕ್ಯಾಮೆರಾ ನೋಡುತ್ತದೆ, ಎಲ್ಲೋ ಒಂದು ಕಡೆ ಅಧಿಕಾರಿ ನಿಲ್ಲಿಸುತ್ತಾನೆ, ಅಷ್ಟೇ.

ನಮ್ಮ ಯಜಮಾನರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ದೊಡ್ಡಪ್ಪ, ಅದನ್ನ ಗಾಜಿಗೆ ಅಂಟಿಸ್ಬೇಕು," ಎಂದಳು ಪವಿತ್ರ.

"ಬಾಡಿಗೆ ಗಾಡಿ ಕಣಮ್ಮ. ಗಾಜಿಗೆ ಗೋಂದು ಮೆತ್ತಿದ್ರೆ ನಾಳೆ ಅವ್ನು ಕೇಳಲ್ವಾ? ಯಾರಾದ್ರೂ ಕೈ ಅಡ್ಡ ಹಾಕಿದ್ರೆ ತೋರಿಸಿದ್ರಾಯ್ತು ಬುಡು. ಹತ್ತು ದಿನದ್ದು ಅಂತೀಯ, ನಾವಿರೋದು ಮೂರು ದಿನ. ಆಮೇಲೆ ನಿನ್ನ ಫ್ರೆಂಡ್ ಯಾರಾದ್ರೂ ಹೋಗೋರಿದ್ರೆ ಕೊಡು."

"ಕೈಯಲ್ಲಿ ಹಿಡ್ಕೊಂಡ್ರೆ ಇಲ್ಲಿ ನಡಿಯಲ್ಲ. ಇದು ಕ್ಯಾತ್ಸಂದ್ರದ ಟೋಲ್ ಅಲ್ಲ ದೊಡ್ಡಪ್ಪ."

ಅವಳು ಹಾಗೆ ಅಂದದ್ದಕ್ಕೆ ಕಾರಣವಿದೆ. ಗುಬ್ಬಿಯಲ್ಲಿ ನಮ್ಮ ಮನೆಯ ಕಾರಿನ ಫಾಸ್ಟ್ಯಾಗ್ ಇವತ್ತಿಗೂ ಗಾಜಿಗೆ ಅಂಟಿಲ್ಲ. ಒಂದು ರಟ್ಟಿನ ಮೇಲೆ ಅಂಟಿಸಿ ಡ್ಯಾಶ್‌ಬೋರ್ಡಿನೊಳಗೆ ಇಟ್ಟಿದ್ದೇವೆ. ಟೋಲ್ ಬಂದಾಗ ತೆಗೆದು ಗಾಜಿಗೆ ಒತ್ತಿ ಹಿಡಿಯುವುದು ಎಡಗಡೆ ಕೂತ ನನ್ನ ಕೆಲಸ. ಮೈದುನ ತುಮಕೂರಿಗೆ ಹೋಗುವಾಗ ಅದೇ ರಟ್ಟು ಅವನ ಕಾರಿಗೂ ಹೋಗುತ್ತದೆ. ತಪ್ಪೆಂದು ನನಗೂ ಗೊತ್ತು. ಮೂವತ್ತು ವರ್ಷ ನಿಟ್ಟೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನಾನು, ಮಕ್ಕಳ ಒಂದು ಅರ್ಧ ಅಂಕವನ್ನೂ ಸುಮ್ಮನೆ ಬಿಡದವಳು, ಆ ರಟ್ಟನ್ನು ಎಷ್ಟು ಸಲ ಎತ್ತಿ ಹಿಡಿದಿದ್ದೇನೋ ಲೆಕ್ಕ ಇಟ್ಟಿಲ್ಲ.

ಮಾತು ಅರ್ಥವಾಗದಿದ್ದರೂ ಬಂಕಿನ ಹೆಂಗಸಿಗೆ ವಿಷಯ ಅರ್ಥವಾಯಿತು. ಅವಳು ಗಲ್ಲಾ ಬಿಟ್ಟು ಹೊರಗೆ ಬಂದಳು. ಯಜಮಾನರ ಮುಂದೆ ಕೈ ಚಾಚಿ ಚೀಟಿ ಇಸಿದುಕೊಂಡಳು. ಗಾಜನ್ನು ಒಳಗಡೆಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ, ಕನ್ನಡಿಯ ಕೆಳಗೆ ಒಂದು ಮೂಲೆಯಿಂದ ಹೆಬ್ಬೆರಳಿನಲ್ಲಿ ಒತ್ತುತ್ತ ಹೋದಳು. ಒಂದು ಗುಳ್ಳೆಯೂ ಏಳಲಿಲ್ಲ. ಕೆಳಗೆ ಉಳಿದ ತುಂಡನ್ನು ಮಡಿಸಿ ನನ್ನ ಕೈಗೆ ಕೊಟ್ಟು, ಜೋಪಾನ ಎನ್ನುವ ಹಾಗೆ ನನ್ನ ಬ್ಯಾಗನ್ನು ತೋರಿಸಿದಳು.

"ನೋಡೇ, ಏನ್ ಕೈಚಳಕ!" ಎಂದರು ಯಜಮಾನರು. ಅವರ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ಯಾರು ಯಾರು ಎಂದು ಇಲ್ಲೇ ಹೇಳಿಬಿಡುತ್ತೇನೆ. ಪವಿತ್ರ ನನ್ನ ತಂಗಿಯ ಮಗಳು. ಜರ್ಮನಿಯ ರೋಸನ್‌ಹೈಮ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಆ ಊರು ಆಸ್ಟ್ರಿಯಾದ ಗಡಿಗೆ ಹತ್ತಿರ. ನಮ್ಮ ಯಜಮಾನರು ಗಂಗಾಧರಯ್ಯ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ತುಮಕೂರು, ಗುಬ್ಬಿ, ಸಿ.ಎಸ್. ಪುರ, ಕುಣಿಗಲ್ ರಸ್ತೆಗಳಲ್ಲೇ ಮೂವತ್ತೊಂದು ವರ್ಷ ಕಳೆದವರು. ಒಂದೂ ಅಪಘಾತವಿಲ್ಲ. ಅದಕ್ಕೆ ಕೊಟ್ಟ ಪದಕ ಮನೆಯಲ್ಲಿ ಟಿವಿಯ ಪಕ್ಕದಲ್ಲಿದೆ. ಬಂದವರು ಅದೇನು ಎಂದು ಕೇಳದಿದ್ದರೆ ಅವರೇ ಧೂಳು ಒರೆಸುವ ನೆಪದಲ್ಲಿ ಎತ್ತಿಕೊಳ್ಳುತ್ತಾರೆ.

ಪವಿತ್ರಳಿಗೆ ಮೂರು ದಿನ ರಜೆ ಸಿಕ್ಕಿತ್ತು. ಆಸ್ಟ್ರಿಯಾದ ದಕ್ಷಿಣಕ್ಕೆ ವಿಲಾಖ್ ಎಂಬ ಊರಿನ ಕಡೆ ಸರೋವರಗಳಿವೆ, ನೋಡಿ ಬರೋಣ ಎಂದಳು. ಅವಳಿಗೆ ಇನ್ನೂ ಲೈಸೆನ್ಸ್ ಇಲ್ಲ. ಕಾರನ್ನು ಅವಳ ಹೆಸರಲ್ಲಿ ಬಾಡಿಗೆಗೆ ಹಿಡಿದು, ಓಡಿಸುವವರು ಎಂದು ಇವರ ಹೆಸರು ಬರೆಸಿದಳು. ಸ್ಟಿಯರಿಂಗ್ ಎಡಕ್ಕೆ, ರಸ್ತೆ ಬಲಕ್ಕೆ. ಎರಡು ದಿನ ಆಸ್ಪತ್ರೆಯ ಹಿಂದಿನ ಬೀದಿಗಳಲ್ಲಿ ಇವರು ಅಭ್ಯಾಸ ಮಾಡಿದರು. "ಬಸ್ಸಲ್ಲಿ ನೂರು ಜನ ಕೂರಿಸ್ಕೊಂಡು ಹೋಗಿಲ್ವಾ, ಇದೇನ್ ಮಹಾ" ಎಂದರೂ, ಪ್ರತಿ ತಿರುವಿನಲ್ಲಿ ತುಟಿ ಕಚ್ಚಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಸಾಲ್ಸ್‌ಬರ್ಗ್ ದಾಟಿ ದಕ್ಷಿಣಕ್ಕೆ

ಗಡಿ ದಾಟಿದ್ದು ಗೊತ್ತಾಗಲೇ ಇಲ್ಲ. ಒಂದು ಬೋರ್ಡು ಬಂತು, ಹೋಯಿತು. ರಸ್ತೆ ಹಾಗೇ ಇತ್ತು.

ಆ ರಸ್ತೆಯನ್ನು ಏನೆಂದು ಹೊಗಳಲಿ. ಬೆಟ್ಟ ಅಡ್ಡ ಬಂದರೆ ಬೆಟ್ಟದೊಳಗೆ ಹೋಗುತ್ತಿತ್ತು, ಕಣಿವೆ ಬಂದರೆ ಎತ್ತರದ ಕಂಬಗಳ ಮೇಲೆ ನಡೆಯುತ್ತಿತ್ತು. ಊರು ಹತ್ತಿರ ಬಂದಾಗ ಎರಡು ಕಡೆಯೂ ಗೋಡೆ ಎದ್ದು ನಿಲ್ಲುತ್ತಿತ್ತು. ಊರಿನವರಿಗೆ ಗಾಡಿಗಳ ಸದ್ದು ಕೇಳಬಾರದು ಎಂದು ಕಟ್ಟಿದ ಗೋಡೆ ಎಂದಳು ಪವಿತ್ರ. ಇಡೀ ದಾರಿಯಲ್ಲಿ ನಾನು ಹಾರ್ನ್ ಕೇಳಿದ್ದು ಒಂದೇ ಸಲ. ಅದನ್ನು ಹೊಡೆದವರು ನಮ್ಮ ಯಜಮಾನರೇ, ಒಂದು ಲಾರಿಯನ್ನು ಹಿಂದೆ ಹಾಕುವಾಗ. ಲಾರಿಯವನು ಏನಾಯಿತೋ ಎಂದು ಗಾಬರಿಯಿಂದ ತನ್ನ ಚಕ್ರಗಳ ಕಡೆ ಬಗ್ಗಿ ನೋಡಿದ.

"ಸೈಡ್ ಕೇಳ್ದೆ ಅಷ್ಟೆಯ," ಎಂದರು ಇವರು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

ದಾರಿಯ ಪಕ್ಕದ ತಂಗುದಾಣದಲ್ಲಿ ಚಿತ್ರಾನ್ನ ತಿಂದೆವು. ಪವಿತ್ರ ಹಿಂದಿನ ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದಿದ್ದಳು, ಕಣ್ಣು ಮುಚ್ಚಿ ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಮಲಗುವ ಮುಂಚೆ ಒಂದು ಮಾತು ಹೇಳಿದಳು. ಆ ಮಾತನ್ನು ಅವಳು ಹೇಳಿದ ಹಾಗೇ ಬರೆಯಲು ಪ್ರಯತ್ನಿಸುತ್ತೇನೆ, ಏಕೆಂದರೆ ಆಮೇಲೆ ಆದದ್ದೆಲ್ಲ ಅದರ ಮೇಲೆ ನಿಂತಿದೆ.

"ದೊಡ್ಡಮ್ಮ, ಮುಂದೆ ದೊಡ್ಡ ಸುರಂಗ ಬರುತ್ತೆ. ಈ ಬೆಟ್ಟದ ದಾರಿಗೆ ವಿನ್ಯೆಟ್ ಸಾಲ್ದು, ಬೇರೆ ಟೋಲ್ ಇದೆ. ನಾನು ಆನ್‌ಲೈನಲ್ಲೇ ಕಟ್ಬಿಟ್ಟಿದೀನಿ, ಕಾರ್ ನಂಬರ್ ಹಾಕಿ. ಸುರಂಗ ದಾಟಿ ಸ್ವಲ್ಪ ದೂರಕ್ಕೆ ಟೋಲ್ ಗೇಟ್ ಸಿಗುತ್ತೆ. ಮುಂಚೆನೇ ಕಟ್ಟಿರೋರಿಗೆ ಬೇರೆ ಲೇನ್, ಹಸಿರು ಗುರುತು ಇರುತ್ತೆ. ಕ್ಯೂ ಇದ್ರೂ ನಾವು ನಿಲ್ಲೋ ಹಾಗಿಲ್ಲ, ಅದ್ರಲ್ಲೇ ಹೋಗ್ಬಿಡಿ. ನನ್ನ ಎಬ್ಬಿಸ್ಬೇಡಿ."

"ಮಲ್ಕೊ ಮಗ. ನಾನಿಲ್ವಾ," ಎಂದರು ಯಜಮಾನರು.

ಸುರಂಗದ ಆಚೆ

ಸುರಂಗ ಬಹಳ ಉದ್ದ. ಹೊರಗೆ ಬಂದಾಗ ಬೆಳಕಿಗೆ ಕಣ್ಣು ಕುಕ್ಕಿತು. ಇಕ್ಕಟ್ಟಾದ ಹಸಿರು ಕಣಿವೆ, ಎರಡೂ ಕಡೆ ಕಡಿದಾದ ಹುಲ್ಲುಗಾವಲು. ಮಧ್ಯಾಹ್ನದ ಹೊತ್ತು. ಟೋಲ್ ಇನ್ನು ಕೆಲವೇ ಕಿಲೋಮೀಟರ್ ಎಂದು ನೀಲಿ ಬೋರ್ಡು ಹೇಳಿತು. ಅದಾದ ಮೇಲೆ ಗಾಡಿಗಳು ನಿಧಾನವಾದವು. ಎಲ್ಲರೂ ಮಿನುಗುವ ದೀಪ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಎಲ್ಲ ನಿಂತವು.

ನಮ್ಮ ಕಡೆಗೆ ಇದ್ದದ್ದು ಎರಡು ಲೇನು. ನಾವು ಬಲಗಡೆಯದರಲ್ಲಿದ್ದೆವು. ನಮ್ಮ ಮುಂದಿದ್ದ ಬಿಳಿ ವ್ಯಾನು ಬಲಕ್ಕೆ ಸರಿದು, ರಸ್ತೆಯ ಅಂಚಿನ ಗೆರೆಯನ್ನೂ ದಾಟಿ ನಿಂತಿತು. ಅದರ ಮುಂದಿನದೂ ಹಾಗೇ. ಎಡಗಡೆಯ ಸಾಲು ಎಡಕ್ಕೆ ಸರಿದು ನಡುವಿನ ಕಬ್ಬಿಣದ ಬೇಲಿಗೆ ತಾಗುವಷ್ಟು ಹತ್ತಿರ ನಿಂತಿತು. ಎರಡು ಸಾಲುಗಳ ಮಧ್ಯೆ ಒಂದು ಲಾರಿ ಹೋಗುವಷ್ಟು ಅಗಲದ ಖಾಲಿ ದಾರಿ, ಕಣ್ಣು ಹಾಯುವವರೆಗೂ ನೆಟ್ಟಗೆ.

"ಟೋಲ್ ಕ್ಯೂ ಕಣೇ," ಎಂದರು ಯಜಮಾನರು. "ಎಷ್ಟುದ್ದ ನಿಂತವ್ರೆ ನೋಡು. ಮಧ್ಯದ್ದು ಕಟ್ಟಿರೋರ್ದಾ?"

ರಸ್ತೆಯ ಮೇಲೆ ಅಡ್ಡಲಾಗಿ ಒಂದು ದೊಡ್ಡ ವಿದ್ಯುತ್ ಫಲಕವಿತ್ತು. ಅದರಲ್ಲಿ ಒಂದು ಚಿತ್ರ. ಎರಡು ಕಡೆ ಕಾರುಗಳು, ನಡುವೆ ಬರಿ ಜಾಗ. ಕೆಳಗೆ ಜರ್ಮನ್ ಭಾಷೆಯಲ್ಲಿ ಏನೋ ಬರೆದಿತ್ತು. ಹಸಿರು ಗುರುತು ಇರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಹಸಿರು ಗುರುತು ಇಲ್ಲವೆಂಬುದನ್ನು ನಾನು ಗಮನಿಸಿದೆ. ಪವಿತ್ರಳನ್ನು ಎಬ್ಬಿಸೋಣವೇ ಎಂದು ತಿರುಗಿಯೂ ನೋಡಿದೆ. ಅವಳ ಬಾಯಿ ಸ್ವಲ್ಪ ತೆರೆದಿತ್ತು, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆ. ನಾನು ಅವಳನ್ನು ಎಬ್ಬಿಸಲಿಲ್ಲ.

"ಇದೇ ಇರ್ಬೇಕು ರೀ. ಚಿತ್ರ ಹಾಕಿದಾರಲ್ಲ. ಮಧ್ಯದ್ದು ನಮ್ದು. ಹೋಗಿ," ಎಂದೆ. ಬೆರಳು ಮಾಡಿ ತೋರಿಸಿದೆ ಕೂಡ.

ಅವರು ಮಧ್ಯಕ್ಕೆ ತಿರುಗಿಸಿದರು.

ಮೊದಲ ಅರ್ಧ ನಿಮಿಷ ನನಗೆ ಹೆಮ್ಮೆಯೇ ಆಯಿತು. ಇಷ್ಟು ಜನ ನಿಂತಿದ್ದಾರೆ, ನಮ್ಮ ಹುಡುಗಿ ಮುಂಚೆಯೇ ಕಟ್ಟಿಟ್ಟಿದ್ದಾಳೆ. ಕಾರುಗಳ ಒಳಗಿದ್ದವರು ನಮ್ಮನ್ನು ನೋಡುತ್ತಿದ್ದರು. ಒಬ್ಬಳು ಎರಡೂ ಕೈಗಳನ್ನು ಜೋರಾಗಿ ಆಡಿಸಿದಳು. ಒಬ್ಬ ಮುದುಕ ಹಣೆ ಹಿಡಿದುಕೊಂಡ.

"ಹೊಟ್ಟೆ ಉರ್ಕೊಂಡವ್ರೆ ಕಣೇ," ಎಂದು ನಕ್ಕರು ಇವರು.

ಆಗ ಹಿಂದಿನಿಂದ ಸೈರನ್ ಕೇಳಿತು.

ಕನ್ನಡಿಯಲ್ಲಿ ನೀಲಿ ದೀಪ. ಆಂಬುಲೆನ್ಸ್. ನಾವಿದ್ದ ದಾರಿಯಲ್ಲೇ, ನೆಟ್ಟಗೆ ನಮ್ಮ ಹಿಂದೆಯೇ ಬರುತ್ತಿತ್ತು. ಅದು ಬಂದ ವೇಗ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಮುಂದೆ ದಾರಿ ಖಾಲಿಯೇ ಇರುತ್ತದೆ ಎಂದು ತಿಳಿದವರು ಮಾತ್ರ ಹಾಗೆ ಬರಬಲ್ಲರು. ನಮ್ಮನ್ನು ಕಂಡದ್ದೇ ಅದು ಮುಗ್ಗರಿಸಿದ ಹಾಗೆ ನಿಧಾನವಾಯಿತು.

ಬಸ್ಸು ಓಡಿಸುವಾಗ ಆಂಬುಲೆನ್ಸಿಗೆ ದಾರಿ ಬಿಡದೆ ಹೋದವರಲ್ಲ ಇವರು. ಎಡಕ್ಕೆ ಮಣ್ಣಿಗೆ ಇಳಿಸಿಯಾದರೂ ಬಿಡುತ್ತಿದ್ದರು. ಇಲ್ಲಿ ಇಳಿಸಲು ಮಣ್ಣಿರಲಿಲ್ಲ. ಬಲಗಡೆ ಲಾರಿಗಳ ಸಾಲು, ಎಡಗಡೆ ಕಾರುಗಳ ಸಾಲು. ಮುಂದೆ ಹೋಗುತ್ತಲೇ ಸಂದು ಹುಡುಕಿದರು. ಇರಲಿಲ್ಲ. ನಿಂತರೆ ಅದೂ ನಿಲ್ಲಬೇಕು, ಹೋದರೆ ನಮ್ಮ ವೇಗದಲ್ಲೇ ಅದೂ ಬರಬೇಕು.

"ಲೇ, ಎಲ್ಲಿಗ್ ಹೋಗ್ಲೇ? ಎಲ್ಲಿಗ್ ಹೋಗ್ಲಿ?" ಎಂದರು. ಅವರ ದನಿ ಹಾಗೆ ಒಡೆದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಪವಿತ್ರ ಎದ್ದು ಕೂತಳು. ಹಿಂದೆ ನೋಡಿದಳು, ಮುಂದೆ ನೋಡಿದಳು. "ಅಯ್ಯೋ ದೊಡ್ಡಪ್ಪಾ!" ಎಂದು ಕಿರುಚಿದಳು.

ಎಡಗಡೆಯ ಸಾಲಿನಲ್ಲಿ ಒಂದು ಕಾರಿನ ಬಾಗಿಲು ತೆರೆಯಿತು. ಚಡ್ಡಿ ಹಾಕಿದ, ಗಡ್ಡದ ಒಬ್ಬ ಮನುಷ್ಯ ಇಳಿದ. ನಮಗೆ ಅಂಗೈ ತೋರಿಸಿ ನಿಲ್ಲಿ ಎಂದ. ನಿಂತೆವು. ಅವನು ನಡೆದುಕೊಂಡು ಹೋಗಿ ಮುಂದಿನ ಕಾರಿನ ಬಾನೆಟ್ಟಿನ ಮೇಲೆ ತಟ್ಟಿ, ಮುಂದಕ್ಕೆ ಎಂದು ಸನ್ನೆ ಮಾಡಿದ. ಅದು ಮೊಳದಷ್ಟು ಮುಂದೆ ಹೋಯಿತು. ಅದರ ಮುಂದಿನದಕ್ಕೆ ತಟ್ಟಿದ. ಅದೂ ಹೋಯಿತು. ತಿರುಗಿ ಬಂದು ಹಿಂದಿನ ಎರಡು ಕಾರುಗಳನ್ನು ಹಿಂದಕ್ಕೆ ಸರಿಸಿದ. ಒಂದಾದ ಮೇಲೊಂದು, ಒಂದೊಂದು ಮೊಳ. ಯಾರೂ ಕಿಟಕಿ ಇಳಿಸಿ ಕೂಗಲಿಲ್ಲ. ಯಾರೂ ಹಾರ್ನ್ ಹೊಡೆಯಲಿಲ್ಲ. ಕಾರೊಂದು ಮೂತಿ ತೂರಿಸುವಷ್ಟು ಜಾಗ ಆಯಿತು. ಅವನು ಎರಡೂ ಕೈಯಲ್ಲಿ ಬಾ ಬಾ ಎಂದು ಕರೆದ. ಇವರು ತೂರಿಸಿದರು. ನಮ್ಮ ಹಿಂಭಾಗ ಇನ್ನೂ ಹೊರಗಿತ್ತು. ಅವನು ಮತ್ತೆ ತಟ್ಟಿದ, ಮತ್ತೆ ಒಂದು ಮೊಳ ಸಿಕ್ಕಿತು. ಆಂಬುಲೆನ್ಸ್ ನಮ್ಮ ಬಂಪರನ್ನು ಸವರುವಷ್ಟು ಹತ್ತಿರದಿಂದ ಹಾದು ಹೋಯಿತು.

ಪರೀಕ್ಷಾ ಕೊಠಡಿಯಲ್ಲಿ ನಿಂತು ನಿಂತು ನನಗೆ ಗಡಿಯಾರ ನೋಡುವ ಅಭ್ಯಾಸ. ಸೈರನ್ ನಮ್ಮ ಹಿಂದೆ ಬಂದು ನಿಧಾನವಾದಾಗ ನೋಡಿದ್ದೆ, ದಾಟಿದಾಗಲೂ ನೋಡಿದೆ. ಒಂದು ನಿಮಿಷ ನಲವತ್ತು ಸೆಕೆಂಡು.

ಗಡ್ಡದವನು ನಮ್ಮ ಕಿಟಕಿಯ ಹತ್ತಿರ ಬಂದ. ಬೈಯುತ್ತಾನೆ ಎಂದು ಇವರು ತಲೆ ತಗ್ಗಿಸಿದರು. ಅವನು ಎರಡು ಅಂಗೈಗಳನ್ನು ಒಂದಕ್ಕೊಂದು ಸೇರಿಸಿ, ನಿಧಾನವಾಗಿ ಬಿಡಿಸಿ ತೋರಿಸಿದ. ಮಗುವಿಗೆ ಪುಸ್ತಕ ತೆರೆದು ತೋರಿಸುವ ಹಾಗೆ. ತಲೆಯಾಡಿಸಿ ತನ್ನ ಕಾರಿಗೆ ಹೋದ.

ನಿಂತ ಒಂದು ಗಂಟೆ

"ಅದು ಲೇನ್ ಅಲ್ಲ," ಎಂದಳು ಪವಿತ್ರ. "ಗಾಡಿ ನಿಂತ ತಕ್ಷಣ ಎಲ್ಲ್ರೂ ಪಕ್ಕಕ್ಕೆ ಸರೀಬೇಕು. ಆಂಬುಲೆನ್ಸ್ ಬಂದ್ಮೇಲಲ್ಲ, ಬರೋಕ್ ಮುಂಚೆನೇ. ಬರುತ್ತೋ ಇಲ್ವೋ ಗೊತ್ತಿಲ್ದೇ ಇದ್ರೂ ಸರೀಬೇಕು. ಮುಂದೆ ಆಕ್ಸಿಡೆಂಟ್ ಆಗಿರ್ಬೇಕು. ಟೋಲ್ ಇನ್ನೂ ಮುಂದೆ ಇದೆ."

ಯಜಮಾನರು ಎಂಜಿನ್ ಆರಿಸಿದರು. ಕೈಗಳನ್ನು ಸ್ಟಿಯರಿಂಗಿನ ಮೇಲೇ ಇಟ್ಟುಕೊಂಡು ಕೂತರು.

ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತೆವು. ಆ ಹೊತ್ತಿನಲ್ಲಿ ನಾನು ಕಂಡದ್ದನ್ನು ಸಾಧ್ಯವಾದಷ್ಟು ಸರಿಯಾಗಿ ಹೇಳುತ್ತೇನೆ. ಎರಡು ಅಗ್ನಿಶಾಮಕ ಗಾಡಿಗಳು ಹೋದವು. ಒಂದು ಪೊಲೀಸ್ ಕಾರು ಹೋಯಿತು. ಕೆಟ್ಟ ಗಾಡಿ ಎಳೆಯುವ ಕ್ರೇನ್ ಒಂದು ಹೋಯಿತು. ಅವುಗಳ ನಡುವೆ ಎಷ್ಟೋ ಹೊತ್ತು ಏನೂ ಬರಲಿಲ್ಲ. ಬಿಸಿಲು ಬೀಳುತ್ತಿದ್ದ ಆ ದಾರಿ ಹಾಗೇ ಖಾಲಿ ಬಿದ್ದಿತ್ತು. ಒಂದು ಬೈಕೂ ನುಗ್ಗಲಿಲ್ಲ. ಮಕ್ಕಳು ಕಾರಿನಿಂದ ಇಳಿದರೂ ಅಂಚಿನಲ್ಲೇ ನಿಂತರು. ಕಾವಲಿಗೆ ಯಾರೂ ಇರಲಿಲ್ಲ. ಸಾವಿರ ಜನ ಸೇರಿ, ತಮಗೆ ಬೇಕಾದ ಜಾಗವನ್ನು ಕಾಣದ ಒಬ್ಬನಿಗಾಗಿ ಬಿಟ್ಟು ಕೂತಿದ್ದರು. ಇದಕ್ಕಿಂತ ದೊಡ್ಡ ಕೋಟೆಯನ್ನಾಗಲಿ, ಅರಮನೆಯನ್ನಾಗಲಿ ಆ ದೇಶದಲ್ಲಿ ನಾನು ನೋಡಲಿಲ್ಲ.

ಪಕ್ಕದ ಕಾರಿನ ಅಜ್ಜಿ ಒಂದು ಡಬ್ಬಿಯಲ್ಲಿ ಹೆಚ್ಚಿದ ಸೇಬು ಚಾಚಿದಳು. ನಮ್ಮ ತಪ್ಪನ್ನು ಅವಳೂ ನೋಡಿದ್ದಳು. ಪವಿತ್ರ ತೆಗೆದುಕೊಂಡಳು. ನಾನು ಬೇಡವೆಂದು ಕೈ ಮುಗಿದೆ.

"ಆ ಆಂಬುಲೆನ್ಸ್‌ನೋರು ಯಾರ ಜೀವ ಉಳ್ಸೋಕ್ ಹೋಗ್ತಿದ್ರೋ," ಎಂದರು ಯಜಮಾನರು.

ಟೋಲ್ ಗೇಟು

ಕೊನೆಗೆ ಗಾಡಿಗಳು ಹೊರಟವು. ಅಪಘಾತವಾದ ಜಾಗದಲ್ಲಿ ಗಾಜಿನ ಚೂರುಗಳನ್ನು ಗುಡಿಸುತ್ತಿದ್ದರು. ಮುಂಭಾಗ ಮಡಚಿಹೋದ ಒಂದು ಬೂದು ಬಣ್ಣದ ಕಾರು ಕ್ರೇನಿನ ಮೇಲಿತ್ತು. ಅದರಲ್ಲಿದ್ದವರು ಯಾರೂ ಅಲ್ಲಿ ಕಾಣಲಿಲ್ಲ.

ಆಮೇಲೆ ನಿಜವಾದ ಟೋಲ್ ಬಂತು. ಹಸಿರು ಗುರುತು ಎಷ್ಟು ದೊಡ್ಡದಾಗಿತ್ತೆಂದರೆ ಕುರುಡರಿಗೂ ಕಾಣುವಂತಿತ್ತು. ಕ್ಯಾಮೆರಾ ನಮ್ಮ ನಂಬರ್ ಓದಿತು. ಅಡ್ಡಕಂಬ ತಾನೇ ಮೇಲೆದ್ದಿತು. ಒಂದು ಮಾತಿಲ್ಲ, ಒಂದು ಮುಖವಿಲ್ಲ.

"ಇಲ್ಲಿ ಯಾರೂ ಇಲ್ವಲ್ಲೇ," ಎಂದರು ಇವರು. "ಹೇಳ್ಬೇಕಾದ್ರೆ ಯಾರಿಗೆ ಹೇಳೋದು?"

"ಏನ್ ಹೇಳೋದು ದೊಡ್ಡಪ್ಪ?"

"ಆಗಿದ್ದು."

ಗೇಟು ದಾಟಿದ ಮೇಲೆ ಬಲಕ್ಕೆ ಒಂದು ಪಾರ್ಕಿಂಗ್, ಅದರ ಪಕ್ಕದಲ್ಲಿ ಹೆದ್ದಾರಿ ಪೊಲೀಸರ ಕಚೇರಿ. ಇವರು ಕಾರನ್ನು ಅಲ್ಲಿಗೆ ತಿರುಗಿಸಿ ನಿಲ್ಲಿಸಿದರು. ಪವಿತ್ರ ಮುಂದಕ್ಕೆ ಬಾಗಿ ಅವರ ಭುಜ ಹಿಡಿದಳು.

"ಬೇಡ ದೊಡ್ಡಪ್ಪ. ನಿಮ್ ಕಾಲಿಗ್ ಬೀಳ್ತೀನಿ. ಕಾರು ನನ್ನ ಹೆಸ್ರಲ್ಲಿದೆ. ನಾನು ಇಲ್ಲಿ ಇರೋಕ್ ಕೊಡೋ ಪರ್ಮಿಟ್ ರಿನ್ಯೂವಲ್‌ಗೆ ಕೊಟ್ಟಿದೀನಿ, ಇನ್ನೂ ಬಂದಿಲ್ಲ. ಪೊಲೀಸ್ ಅಂತ ಒಂದು ಕಾಗ್ದ ಹೋದ್ರೆ ನಾನು ವಾಪಸ್ ಗುಬ್ಬಿಗೆ ಬರ್ಬೇಕಾಗುತ್ತೆ. ಅವ್ರು ನಮ್ಮನ್ನ ಹಿಡಿದಿಲ್ಲ. ಹಿಡಿದ್ರೆ ಆಮೇಲೆ ನೋಡ್ಕೊಳೋಣ."

ಅವಳು ಹೇಳಿದ್ದು ಸ್ವಾರ್ಥವಲ್ಲ. ಅಲ್ಲಿಯ ಭಾಷೆ ಕಲಿಯಲು ಅವಳು ಪಟ್ಟ ಪಾಡು, ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಕೂತದ್ದು, ನನ್ನ ತಂಗಿ ಫೋನಿನಲ್ಲಿ ಅತ್ತದ್ದು, ಎಲ್ಲ ನನಗೆ ಗೊತ್ತು. ನಾನು ಅವಳ ಪರವಾಗಿಯೇ ಮಾತಾಡಿದೆ. "ಹುಡುಗಿ ಹೇಳೋದೂ ಕೇಳಿ. ನಾವು ಮುಂದಿನ ವಾರ ವಿಮಾನ ಹತ್ತೋರು. ಇಲ್ಲಿರೋಳು ಅವಳು."

ಯಜಮಾನರು ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಡಿಪೋದಲ್ಲಿ ಒಂದು ರೂಢಿ ಇತ್ತು. ಬಂಪರ್‌ಗೆ ಗೀರು ಬಿದ್ರೂನೂವೆ, ಗಾಡಿ ಒಳಗ್ ಬಿಟ್ಟ ತಕ್ಷಣ ಹೇಳಿ ಬರೆಸ್ಬೇಕು, ಮನೆಗ್ ಹೋಗೋ ಮುಂಚೆ. ಬರೆಸ್ದೋನಿಗೆ ಬೈಗಳು, ಅಷ್ಟೆಯ. ಬರೆಸ್ದೆ ಮನೆಗ್ ಹೋದೋನ್ನ ಮಾರನೇ ದಿನ ಯಾರೂ ಮಾತಾಡುಸ್ತಿರ್ಲಿಲ್ಲ." ಪವಿತ್ರಳ ಕಡೆ ತಿರುಗಿದರು. "ನಿನ್ ಹೆಸ್ರು ನಾನು ಎತ್ತಲ್ಲ ಮಗ. ಓಡಿಸ್ದೋನು ನಾನು. ನೀನು ಬರ್ಲೇಬೇಡ."

"ಭಾಷೆ ಬರಲ್ವಲ್ರೀ ನಿಮ್ಗೆ?" ಎಂದೆ.

"ಕೈಯಲ್ಲಿ ತೋರಿಸ್ತೀನಿ. ಆ ಗಡ್ಡದೋನು ತೋರಿಸ್ಲಿಲ್ವಾ, ನಂಗರ್ಥ ಆಗ್ಲಿಲ್ವಾ?"

ಇಳಿದು ನಡೆದರು. ದೊಡ್ಡ ಪಾರ್ಕಿಂಗಿನಲ್ಲಿ ಒಬ್ಬರೇ ಹೋಗುತ್ತಿದ್ದರು, ಪಾಸ್‌ಪೋರ್ಟ್ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು. ಪವಿತ್ರ ಕಣ್ಣೊರೆಸಿಕೊಂಡಳು. "ಹಠ. ಬರೀ ಹಠ," ಎಂದಳು. ಆಮೇಲೆ ಬಾಗಿಲು ತೆಗೆದು ಅವರ ಹಿಂದೆ ಓಡಿದಳು. ನಾನೂ ಹೋದೆ.

ಪೊಲೀಸ್ ಕಚೇರಿ

ಅಲ್ಲಿದ್ದ ಅಧಿಕಾರಿ ಕನ್ನಡಕ ಹಾಕಿದ, ನಲವತ್ತರ ಆಸುಪಾಸಿನ ಹೆಂಗಸು. ಮೂರು ಲೋಟ ನೀರು ತಂದಿಟ್ಟು ಕೂರಿ ಎಂದಳು. ಪವಿತ್ರ ಇವರ ಮಾತನ್ನು ಜರ್ಮನ್‌ಗೆ ಹೇಳುತ್ತ ಹೋದಳು. ಮಧ್ಯೆ ಮಧ್ಯೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

"ಎಷ್ಟು ಹೊತ್ತು ಅಡ್ಡ ಇದ್ರಿ ಅಂತ ಕೇಳ್ತಿದಾರೆ. ದೊಡ್ಡಮ್ಮ, ಅರ್ಧ ನಿಮಿಷ ಅಂತೀನಿ."

"ಒಂದು ನಿಮಿಷ ನಲವತ್ತು ಸೆಕೆಂಡು," ಎಂದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಹಾಗೇ ಹೇಳಿದಳು. ಅಧಿಕಾರಿ ಬರೆದುಕೊಂಡಳು.

"ನಿಮ್ಮ ಉದ್ಯೋಗ ಏನು ಅಂತೆ. ದೊಡ್ಡಪ್ಪ, ತೆಂಗಿನ ತೋಟ ಇದೆಯಲ್ಲ, ರೈತ ಅಂತೀನಿ. ಡ್ರೈವರ್ ಅಂದ್ರೆ, ಗೊತ್ತಿದ್ದೂ ಮಾಡಿದ್ರಿ ಅಂತಾರೆ."

ಆ ಪದಕ ಟಿವಿಯ ಪಕ್ಕದಲ್ಲಿರುವುದು ನನಗೆ ನೆನಪಾಯಿತು. ಅವರಿಗೂ ಆಗಿರಬೇಕು.

"ಡ್ರೈವರ್ ಅಂತ್ಲೇ ಬರೀಲಿ," ಎಂದರು. "ಮೂವತ್ತೊಂದು ವರ್ಷ. ಅದನ್ನೂ ಹೇಳು."

ನಾನು ಎದ್ದು ನಿಂತೆ. ಶಾಲೆಯಲ್ಲಿ ಇನ್‌ಸ್ಪೆಕ್ಟರ್ ಬಂದಾಗ ನಿಲ್ಲುತ್ತಿದ್ದ ಹಾಗೆ. "ದಾರಿ ತೋರಿಸ್ದೋಳು ನಾನು ಅಂತ ಹೇಳು ಪವಿತ್ರ. ಹಸಿರು ಗುರುತು ಇರ್ಲಿಲ್ಲ, ಅದನ್ನ ನೋಡಿಯೂ ಹೋಗಿ ಅಂದೆ. ಇವರು ಕೇಳಿದ್ರು, ನಾನು ಬೆರಳು ಮಾಡ್ದೆ."

ಪವಿತ್ರ ಹೇಳಿದಳು. ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು, ಏನೋ ಅಂದಳು.

"ಪಕ್ಕದಲ್ಲಿ ಕೂತೋರು ಏನು ಹೇಳಿದ್ರೂ ಜವಾಬ್ದಾರಿ ಓಡ್ಸೋರ್ದೇ ಅಂತೆ."

"ಸರಿ ಮತ್ತೆ," ಎಂದರು ಯಜಮಾನರು ತಕ್ಷಣ. "ಕಂಡಕ್ಟರ್ ರೈಟ್ ಅಂದ್ರೂ ಕನ್ನಡಿ ನೋಡ್ಬೇಕಾದೋನು ಡ್ರೈವರ್ರೇ. ಎಲ್ಲಾ ಕಡೇನೂ ಒಂದೇ ಕಾನೂನು."

ಅವಳು ದಂಡ ಬರೆದಳು, ಅಲ್ಲೇ ಕಟ್ಟಿದೆವು. ಪವಿತ್ರ ಹೆದರುತ್ತಲೇ ತನ್ನ ಪರ್ಮಿಟ್ಟಿನ ಮಾತು ತೆಗೆದಳು. ಇದು ಓಡಿಸಿದವರ ಮೇಲಿನ ಕಾಗದ, ನಿನ್ನ ಹೆಸರು ಇದರಲ್ಲಿಲ್ಲ ಎಂದು ಅಧಿಕಾರಿ ಹಾಳೆಯನ್ನೇ ತಿರುಗಿಸಿ ತೋರಿಸಿದಳು. ಪವಿತ್ರ ಒಂದೇ ಗುಟುಕಿಗೆ ಲೋಟದ ನೀರನ್ನೆಲ್ಲ ಕುಡಿದಳು.

ಎದ್ದು ಹೊರಡಬೇಕು. ಇವರು ಏಳಲಿಲ್ಲ.

"ಅವ್ರು ಬದುಕಿದ್ರಾ ಕೇಳು ಮಗ."

ಅಧಿಕಾರಿ ಇಲ್ಲವೆಂದು ತಲೆಯಾಡಿಸಿದಳು. ಗಾಯಗೊಂಡವರ ಬಗ್ಗೆ ಹೇಳುವ ಅಧಿಕಾರ ತನಗಿಲ್ಲ ಎಂದಳು. ಇವರು ಆಗಲೂ ಏಳಲಿಲ್ಲ. ಬೇಡುವ ಮುಖವೂ ಇರಲಿಲ್ಲ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಎರಡು ಮೂರು ವಾಕ್ಯ ಹೇಳಿದಳು. ಪವಿತ್ರ ಅದನ್ನು ತಿರುಗಿಸಿ ಹೇಳುವಾಗ ಒಂದೊಂದೇ ಪದ ಜೋಡಿಸಿದಳು.

"ಟೋಲ್ ಕಡೆಯಿಂದ ಇನ್ನೊಂದು ಆಂಬುಲೆನ್ಸ್ ಮೊದ್ಲೇ ಬಂದಿತ್ತಂತೆ. ನಿಮ್ಮ ಹಿಂದೆ ಇದ್ದದ್ದು ಎರಡನೇದು. ಅದು ತಲುಪೋ ಹೊತ್ತಿಗೆ ಅಲ್ಲಿ ಡಾಕ್ಟರ್ ಇದ್ರಂತೆ." ಅಧಿಕಾರಿಯ ಕಡೆ ಒಮ್ಮೆ ನೋಡಿದಳು. "ಆದ್ರೆ ಅದು ನಿಮಗೆ ಗೊತ್ತಿರ್ಲಿಲ್ಲ, ಅಂತಿದಾರೆ. ನಿಮ್ಮ ಹಿಂದೆ ಸೈರನ್ ಹಾಕ್ಕೊಂಡು ಬರ್ತಿದ್ದೋರಿಗೂ ಗೊತ್ತಿರ್ಲಿಲ್ಲ."

ಯಜಮಾನರು ಎದ್ದು ಅವಳಿಗೆ ಕೈ ಮುಗಿದರು. ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು, ಪೂರ್ತಿ ಹೆಸರು, ಒಂದಕ್ಷರವನ್ನೂ ನುಂಗದೆ. ಅವಳು ಆ ಅಕ್ಷರಗಳನ್ನು ನೋಡಿ ಏನೋ ಅಂದಳು. ಪವಿತ್ರ ಮೊದಲ ಸಲ ನಕ್ಕಳು. "ಚೆನ್ನಾಗಿದೆ ಅಂತಿದಾರೆ, ಬರವಣಿಗೆ."

ಮತ್ತೆ ಪಾರ್ಕಿಂಗ್

ಕಾರಿನಲ್ಲಿ ಕೂತೆವು. ಪವಿತ್ರ ಈ ಸಲ ಮಲಗಲಿಲ್ಲ. ಎರಡು ಸೀಟುಗಳ ನಡುವೆ ತಲೆ ತೂರಿಸಿ ಕೂತಿದ್ದಳು.

ವಿಲಾಖ್ ಇನ್ನೂ ಒಂದು ಗಂಟೆಯ ದಾರಿ. ಇವರು ಬೆಲ್ಟ್ ಹಾಕಿದರು, ಕನ್ನಡಿಗಳನ್ನು ಸರಿಪಡಿಸಿದರು, ಎಂಜಿನ್ ಹಚ್ಚಿದರು. ಆದರೂ ಕಾರು ಕದಲಲಿಲ್ಲ. ನಾನು ಮ್ಯಾಪು ತೆರೆದ ಫೋನನ್ನು ಪವಿತ್ರಳ ಕೈಗೆ ಕೊಟ್ಟೆ. ಇನ್ನು ಮುಂದೆ ದಾರಿ ಹೇಳುವ ಕೆಲಸ ನನಗೆ ಬೇಡವಾಗಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿದೆ.

"ಅವಳಿಗ್ಯಾಕ್ ಕೊಟ್ಟೆ?" ಎಂದರು.

"ಅವಳಿಗೆ ಭಾಷೆ ಗೊತ್ತು. ಅವಳೇ ಹೇಳ್ಲಿ."

"ಭಾಷೆ ಅವಳ್ದು ಇರ್ಲಿ ಬುಡು. ಪಕ್ಕದಲ್ ಕೂತಿರೋಳು ನೀನು." ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನನ್ನ ಕಡೆ ತಿರುಗಿದರು. "ನೋಡ್ಬಿಟ್ಟು ಹೇಳೇ. ನಾನೂ ನೋಡ್ತೀನಿ."

ನಾನು ನನ್ನ ಕಡೆಯ ಕನ್ನಡಿ ನೋಡಿದೆ. ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದೆ. ಒಂದು ಲಾರಿ ಬರುತ್ತಿತ್ತು. ಅದು ದಾಟುವವರೆಗೆ ಕಾದೆ. ಮತ್ತೊಮ್ಮೆ ನೋಡಿದೆ. ಅವರೂ ನೋಡುತ್ತಿದ್ದರು, ತಮ್ಮ ಕಡೆಯದನ್ನು, ನಿಧಾನವಾಗಿ.

"ರೈಟ್," ಎಂದೆ.